ಶನಿವಾರ ರಾತ್ರಿ ಹಳೇ ವಾಡೆ ನೋಡಾಕ ಬರಾವ್ರಿಗೆ

ನಮಸ್ಕಾರ್ರಿ ಎಲ್ಲಾರಿಗೂ. ದೆವ್ವ ಐತಿ ಅಂತ ಮಂದಿ ಅನ್ನೋ ಧಾರವಾಡದ ವಾಡೆ (ಹಳೇ ದೊಡ್ಡ ಮನಿ) ಪರೀಕ್ಷಾ ಮಾಡಾಕ ಮಾಲಕರ ಒಪ್ಪಿಗಿ ಸಿಕ್ಕೈತಿ. ಸಂಜಿ 5ಕ್ಕ, ಬೆಳಕಿರುವಾಗಲೇ ಬರ್ರಿ. ವೈರಿಂಗ್, ಬೋರಿನ ಸ್ಟಾರ್ಟರ್, ಮುರುಕು ಕಿಟಕಿ, ಬಾವಲಿ ಇರೋ ಮೂಲಿ ಎಲ್ಲಾ ಮೊದಲು ಹಾಳಿ ಮ್ಯಾಲೆ ಗುರುತು ಹಾಕ್ಕೋಬೇಕು.

ಇಎಂಎಫ್ ಮೀಟರ್ (ವಿದ್ಯುತ್ಕಾಂತ ಕ್ಷೇತ್ರ ಅಳೆಯೋ ಸಾಧನ) ದೀಪ ಹತ್ತಿತಂದ್ರ ದೆವ್ವ ಬಂತು ಅಂತಲ್ಲ. ಗೋಡಿಯೊಳಗಿನ 50 ಹರ್ಟ್ಸ್ ಕರೆಂಟಿಗೂ ಹತ್ತತೈತಿ, ಕಿಸೆದಾಗಿನ ಮೊಬೈಲಿಗೂ ಹತ್ತತೈತಿ. ಮೊಬೈಲ್ ಫ್ಲೈಟ್ ಮೋಡಿಗೆ ಹಾಕ್ರಿ, ಮೇನ್ ಸ್ವಿಚ್ ಆರಿಸಿ ಅದ ಜಾಗದಾಗ ಇನ್ನೊಮ್ಮೆ ಅಳೀರಿ. ಲೇಸರ್ ಥರ್ಮಾಮೀಟರ್ ತೋರಸೋದು ಗೋಡಿ ಎಷ್ಟು ತಂಪೈತಿ ಅನ್ನೋದನ್ನ, ಗಾಳಿದಲ್ಲ. 'ತಣ್ಣಗ ಏನೋ ಹಾದು ಹೋತು' ಅನ್ನಾವ್ರು ಊದಿನಕಡ್ಡಿ ಹಚ್ಚಿ ಹೊಗಿ ಎತ್ತಾಗ ಹೊಂಟೈತಿ ನೋಡ್ರಿ.

ಫ್ಲ್ಯಾಶ್ ಬ್ಯಾಡ. ಲೆನ್ಸಿನ ಮುಂದಿನ ಧೂಳಿಗೆ ಬೆಳಕು ಬಿದ್ದರ ಬೆಳ್ಳಗ ದುಂಡಗ ಕಾಣತೈತಿ, ಆಮ್ಯಾಲೆ ಅದನ್ನ 'ಆತ್ಮ' ಅಂತ ಗುಂಪಿನಾಗ ಹಾಕತೀರಿ!

ಧ್ವನಿ ಮುದ್ರಣ ಒಮ್ಮೆಗೆ 10 ನಿಮಿಷ. ರೆಕಾರ್ಡರ್ ಕೈಯಾಗ ಹಿಡೀಬ್ಯಾಡ್ರಿ, ಬಟ್ಟಿ ಮಡಿಚಿ ಅದರ ಮ್ಯಾಲೆ ಇಡ್ರಿ. ಕೆಮ್ಮಿದರ 'ಕೆಮ್ಮಿದವ ನಾನು' ಅಂತ ಆಗಲೇ ಹೇಳ್ರಿ. ರಾತ್ರಿ ಆರಿದಂಗ ತಗಡು ಟಕ್ ಟಕ್ ಅಂತೈತಿ, ಅದನ್ನೂ ಬರಕೊಳ್ರಿ. ಆಮ್ಯಾಲೆ ಆ ಮುದ್ರಣ ಕೇಳಬೇಕಾದ್ರ ಒಬ್ಬೊಬ್ಬರ ಬ್ಯಾರೆ ಬ್ಯಾರೆ ಕುಂತು, ಕೇಳಿಸಿದ್ದನ್ನ ಬರೀರಿ. 'ಹೋಗು ಅಂದಂಗಾತು' ಅಂತ ಒಬ್ಬ ಅಂದರ ಸಾಕು, ಉಳಿದವ್ರಿಗೂ ಅದ ಕೇಳಸತೈತಿ.

ಓಣಿ ಹಿರ್ಯಾರ್ನ 'ದೆವ್ವ ನೋಡೀರೇನು' ಅಂತ ಕೇಳಬ್ಯಾಡ್ರಿ. ಕೊಳ್ಳಿದೆವ್ವದ ಕಥಿ ಮೊದಲು ಯಾರು ಹೇಳಿದ್ರು, ಬಾಗಲಿಗೆ 'ನಾಳೆ ಬಾ' ಯಾವಾಗ ಬರದ್ರು ಅಂತ ಕೇಳ್ರಿ. ಅವರು ಹೇಳಿದ ಮಾತಿನಾಗ ಬರಕೊಳ್ರಿ, ತಿದ್ದಬ್ಯಾಡ್ರಿ.

ಬ್ಯಾಟರಿ ಎರಡು ತರ್ರಿ. ಮಹಡಿ ಹಲಿಗಿ ಲಡ್ಡಾಗ್ಯಾವ, ಮ್ಯಾಲೆ ಯಾರೂ ಹತ್ತಬ್ಯಾಡ್ರಿ.