ತುಂಬಿದ ಡಬ್ಬಿ ವಾಪಸ್ ಬಂದಾಗ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ಹನ್ನೊಂದು ವರ್ಷಗಳಿಂದ ಖಾನಾವಳಿ ನಡೆಸುತ್ತಿದ್ದೇನೆ. ಕಾಲೇಜು ಹುಡುಗರು, ಕೋಚಿಂಗ್‌ಗೆ ಬಂದವರು ಸೇರಿ ಹೊತ್ತಿಗೆ ಎಪ್ಪತ್ತು ಊಟ. ಅದರಲ್ಲಿ ಮೂವತ್ತು ಡಬ್ಬಿ ರೂಮುಗಳಿಗೆ ಹೋಗುತ್ತವೆ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಡಾಕ್ಟರು, ಪ್ರೊಫೆಸರು ಬರೆಯುತ್ತಾರೆ. ರೊಟ್ಟಿ ಬಡಿಯುವವಳಿಗೆ ಇದರಲ್ಲೇನು ಕೆಲಸ ಅಂತ ಕೇಳಬಹುದು. ಆದರೆ ಹುಡುಗ ಊಟ ಬಿಟ್ಟದ್ದು ಕಾಲೇಜಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ.

ಹೋದ ಮಳೆಗಾಲದ ಮಾತು. ಸಂಜೆ ಡಬ್ಬಿ ತೊಳೆಯಲು ಕೂತಿದ್ದೆ. ಒಂದು ಡಬ್ಬಿ ಕೈಗೆ ಭಾರ ಹತ್ತಿತು. ತೆಗೆದು ನೋಡಿದರೆ ಎರಡು ರೊಟ್ಟಿ, ಝುಣಕದ ವಡಿ, ಅನ್ನ, ಎಲ್ಲ ಹಾಗೇ ಇದೆ. ಝುಣಕದ ವಡಿ ಮಾಡಿದ ದಿನ ಆ ಹುಡುಗ ಇನ್ನೆರಡು ಜಾಸ್ತಿ ಹಾಕಿರಿ ಅಂತ ಮುಂಚೆಯೇ ಹೇಳಿ ಕಳಿಸುವವನು. ಮರುದಿನವೂ ಡಬ್ಬಿ ತುಂಬಿಯೇ ಬಂತು. ಊರಿಗೆ ಹೋಗಿರಬೇಕು ಅಂದುಕೊಂಡೆ. ನಾಲ್ಕನೇ ದಿನ ಡಬ್ಬಿ ನಾನೇ ಒಯ್ದೆ.

ಹಾವೇರಿ ಕಡೆಯ ಹುಡುಗ, ಬಿಎಸ್ಸಿ ಎರಡನೇ ವರ್ಷ. ಹಗಲು ಹೊತ್ತಿನಲ್ಲೇ ಕಿಟಕಿ ಹಾಕಿಕೊಂಡು ಕೂತಿದ್ದ. "ಊಟಾನ ಸೇರವಲ್ದ್ರಿ ಅಕ್ಕಾರ, ನಿದ್ದಿನೂ ಬರವಲ್ದು" ಅಂದ. ಎರಡು ವಿಷಯ ಫೇಲಾಗಿದ್ದವು. ಮನೆಯಲ್ಲಿ ಪಾಸ್ ಅಂತ ಹೇಳಿದ್ದ. ಅಪ್ಪನಿಗೆ ಗೋವಿನಜೋಳದ ಹೊಲ, ಮೈಮೇಲೆ ಸಾಲ. ಕಾಲೇಜಿನಲ್ಲಿ ಯಾರಿಗಾದರೂ ಹೇಳಿದೆಯಾ ಎಂದೆ. ಆಪ್ತ ಸಮಾಲೋಚನಾ ಕೇಂದ್ರ ಅಂತ ಬೋರ್ಡ್ ಇದೆಯಂತೆ. ಅದು ಇರುವುದು ಫೀ ಕಟ್ಟುವ ಕಿಟಕಿಯ ಎದುರಿಗೇ. "ಅಲ್ಲಿ ಹ್ವಾದ್ರ ಎಲ್ಲಾರೂ ನೋಡ್ತಾರ್ರಿ. ಒಳಗ ಕೂಡೂ ಸರ್ ನಮಗ ಇಂಟರ್ನಲ್ ಮಾರ್ಕ್ಸ್ ಹಾಕವ್ರು." ಆ ಸರ್ ಒಳ್ಳೆಯವರೇ ಇರಬಹುದು. ಆದರೂ ಮಾರ್ಕ್ಸ್ ಹಾಕುವವರ ಮುಂದೆ ಯಾರು ಅಳುತ್ತಾರೆ, ಹೇಳಿ?

ಏನು ಮಾಡಬೇಕೋ ತಿಳಿಯದೆ ಹೊರಗೆ ಬಂದು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಮೊದಲು ಭಾಷೆ ಆರಿಸಿಕೊಳ್ಳಬೇಕು, ಕನ್ನಡವೂ ಇದೆ. ನನ್ನ ಸಲುವಾಗಿ ಅಲ್ಲ, ಬೇರೊಬ್ಬರ ಸಲುವಾಗಿ ಕೇಳಬಹುದಾ ಎಂದು ಅಂಜುತ್ತಲೇ ಕೇಳಿದೆ. ಕೇಳಬಹುದು ಅಂದರು. ಒಬ್ಬನನ್ನೇ ಬಿಡಬೇಡಿ, ಸಾಯುವ ವಿಚಾರ ಬರುತ್ತದಾ ಅಂತ ನೇರವಾಗಿ ಕೇಳಿ, ಕೇಳಿದ್ದಕ್ಕೇ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ ಎಂದರು. ನನಗೆ ಆ ಭಯವೇ ಇತ್ತು ನೋಡಿ. ವಾಪಸ್ ಹೋಗಿ ಕೇಳಿದೆ. ಹೌದು ಅಂತ ತಲೆಯಾಡಿಸಿದ. ಅವನ ಗೆಳೆಯನನ್ನು ಕರೆಸಿ ರಾತ್ರಿ ಜೊತೆಗೆ ಮಲಗಿಸಿದೆ. ಅವನ ಒಪ್ಪಿಗೆ ಪಡೆದು ಅಪ್ಪನಿಗೆ ಫೋನ್ ಹಚ್ಚಿದೆವು. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದರು.

ಡಿಮ್ಹಾನ್ಸ್, ಅಂದರೆ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ, ನಮ್ಮೂರಲ್ಲೇ ಇದೆ. ಬೇರೆ ಜಿಲ್ಲೆಯವರು ಅದಕ್ಕೆಂದೇ ಬಸ್ ಹತ್ತಿ ಬರುತ್ತಾರೆ. ಹೆಸರು ಹೇಳಿದ ಕೂಡಲೇ ಅಪ್ಪ, "ಹುಚ್ಚರ ದವಾಖಾನಿಗೆ ಯಾಕ್ರಿ?" ಅಂದರು. ಅವರನ್ನು ಬೈಯುವಂತಿಲ್ಲ, ಧಾರವಾಡದವರೇ ಅದನ್ನು ಹಾಗೆ ಕರೆಯುತ್ತೇವೆ. ಕೊನೆಗೆ ಹೋದರು. ಡಾಕ್ಟರು ಮಗನ ಜೊತೆ ಎಷ್ಟು ಮಾತಾಡಿದರೋ ಅಪ್ಪನ ಜೊತೆಗೂ ಅಷ್ಟೇ ಮಾತಾಡಿದರಂತೆ. ಹುಡುಗ ಈಗ ಮೂರನೇ ವರ್ಷ. ಒಂದು ವಿಷಯ ಇನ್ನೂ ಬಾಕಿ ಇದೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪತ್ರಿಕೆಯಲ್ಲೇ ಓದಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಸಮಾಲೋಚಕರು ಒಬ್ಬರಾದರೂ ಇರಬೇಕು. ಹಾಸ್ಟೆಲ್, ತರಗತಿಗಳಲ್ಲಿ ಸಹಾಯವಾಣಿ ನಂಬರ್ ದೊಡ್ಡದಾಗಿ ಬರೆಸಬೇಕು. ಕೋಚಿಂಗ್ ಸೆಂಟರ್‌ಗಳಿಗೂ ಇದು ಅನ್ವಯ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿ ಇದನ್ನು ನೋಡಿಕೊಳ್ಳಬೇಕು. ಒಳ್ಳೆಯದೇ. ಆದರೆ ಸಪ್ತಾಪುರದ ಓಣಿಗಳಲ್ಲಿ ಬಾಡಿಗೆ ರೂಮು ಹಿಡಿದು ಇರುವ ಹುಡುಗ ಹಾಸ್ಟೆಲ್ ಲೆಕ್ಕಕ್ಕೂ ಬರುವುದಿಲ್ಲ. ಎಂಟು ದಿನ ಕ್ಲಾಸಿಗೆ ಹೋಗದಿದ್ದರೆ ಹಾಜರಾತಿ ಕಡಿಮೆ ಆಯಿತು ಅಂತ ನೋಟಿಸ್ ಬೋರ್ಡಿಗೆ ಹೆಸರು ಹಚ್ಚುತ್ತಾರೆ. ಯಾಕೆ ಬಂದಿಲ್ಲ ಅಂತ ರೂಮಿನ ತನಕ ಬಂದು ಕೇಳುವವರಿಲ್ಲ.

ಅದಕ್ಕೇ ನನ್ನದು ಸಣ್ಣ ಕೇಳಿಕೆ. ಸಮಾಲೋಚನೆಯ ಕೋಣೆಯನ್ನು ಆಫೀಸಿನ ಮುಂದಿನಿಂದ ತೆಗೆಯಿರಿ. ಲೈಬ್ರರಿಯ ಹಿಂದೆಯೋ, ಜಿಮ್‌ಖಾನಾದ ಪಕ್ಕದಲ್ಲೋ ಇಡಿ. ಹುಡುಗ ಯಾಕೆ ಆ ಕಡೆ ಹೊರಟ ಅಂತ ಯಾರಿಗೂ ಗೊತ್ತಾಗಬಾರದು. ಅಲ್ಲಿ ಕೂಡುವವರ ಕೈಯಲ್ಲಿ ಮಾರ್ಕ್ಸ್ ಇರಬಾರದು. ಇನ್ನೊಂದು, ಖಾನಾವಳಿಯವರಿಗೆ, ರೂಮು ಬಾಡಿಗೆ ಕೊಟ್ಟವರಿಗೆ ಕಾಲೇಜಿನ ಒಂದು ಫೋನ್ ನಂಬರ್ ಕೊಡಿ. ಫೋನ್ ಎತ್ತುವವರು ಇರಬೇಕು, ಅಷ್ಟೇ.

14416 ಈಗ ನಮ್ಮ ಗೋಡೆಯ ಮೇಲೆ ಇವತ್ತಿನ ಪಲ್ಯದ ಹೆಸರಿನ ಕೆಳಗೇ ಇದೆ. ಊಟದ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮನೆಯವರ ನಂಬರ್ ಬರೆದುಕೊಂಡಿದ್ದೇನೆ. ಕಾಲೇಜಿನ ನಂಬರಿಗೂ ಗೆರೆ ಹೊಡೆದು ಜಾಗ ಬಿಟ್ಟಿದ್ದೇನೆ. ಕೊಡುವವರು ಮಧ್ಯಾಹ್ನ ಮೂರರ ಮೇಲೆ ಬರಲಿ, ಆಗ ನನಗೂ ಸ್ವಲ್ಪ ಪುರುಸೊತ್ತು ಇರುತ್ತದೆ.

– ಖಾನಾವಳಿಯ ಅಕ್ಕ,
ಸಪ್ತಾಪುರ, ಧಾರವಾಡ