ಕೊಡೋ ಅನ್ನೋರು, ಹೊಡಿ ಅನ್ನೋರು

ವಾಸ್ಕೊ, ಗೋವಾ

ಪ್ರೀತಿಯ ದೋಸ್ತ,

ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡದೆ ಕೂತಿದ್ದೆ. ಸಿಟ್ಟಿನಿಂದ ಅಂತ ತಿಳಿಯಬೇಡ. ಸಿಟ್ಟು ಬಂದಿತ್ತು, ಎರಡೇ ದಿನಕ್ಕೆ ಇಳಿಯಿತು. ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ನಿಮ್ಮ ಬೆಂಗಳೂರು ನಮ್ಮ ಗೋವಾವನ್ನು ಸೋಲಿಸಿದ ಮೇಲೆ "ನಿಮ್ಮವರು ಪಾಸ್ ಮಾಡ್ತಾ ಇರಲಿ, ಅಷ್ಟರಲ್ಲಿ ನಾವು ಫೈನಲ್ ಆಡಿ ಬರ್ತೀವಿ" ಅಂತ ಬರೆದಿದ್ದೆಯಲ್ಲ, ಅದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಹೇಳೋಕೆ ನನಗೆ ಬರಲಿಲ್ಲ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನೀನೂ ನಮ್ಮ ಹಳೇ ಟೀಮಿನ ಗ್ರೂಪಿನಲ್ಲಿ ಹತ್ತು ಜನರ ಮುಂದೆಯೇ ಅಲ್ವಾ ಕೆಣಕಿದ್ದು?

ಆ ರಾತ್ರಿ, 2025ರ ಏಪ್ರಿಲ್ 6ರಂದು, ನಾನು ಫತೋರ್ಡಾ ಸ್ಟೇಡಿಯಂನಲ್ಲೇ ಇದ್ದೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್, ಎರಡು ಪಂದ್ಯದ ಗೋಲು ಕೂಡಿಸಿ ಲೆಕ್ಕ. ಬೆಂಗಳೂರಿನಲ್ಲಿ ನೀವು ಮೊದಲ ಪಂದ್ಯ 2-0 ಗೆದ್ದು ಬಂದಿದ್ದಿರಿ. ಇಲ್ಲಿ ನಮ್ಮ ಬೋರ್ಹಾ ಹೆರೆರಾ ಒಂದು ಹೊಡೆದ. ಮುಗಿಯೋಕೆ ಸ್ವಲ್ಪ ಹೊತ್ತು ಇದೆ ಅನ್ನುವಾಗ ಸಾದಿಕು ಇನ್ನೊಂದು ಹೊಡೆದ. ಲೆಕ್ಕ ಸಮ. ನನ್ನ ಪಕ್ಕ ಕೂತಿದ್ದ ಅಜ್ಜ ಒಬ್ಬರು, ಗುರುತಿಲ್ಲ ಪರಿಚಯವಿಲ್ಲ, ನನ್ನನ್ನು ತಬ್ಬಿಕೊಂಡು ಹೆಗಲ ಮೇಲೆ ಅತ್ತರು. ಅವರ ಕಣ್ಣೀರು ಆರುವ ಮೊದಲೇ, ಇಂಜುರಿ ಟೈಮಿನಲ್ಲಿ, ನಿಮ್ಮ ಚೆಟ್ರಿ ತಲೆ ಕೊಟ್ಟ. ನಲವತ್ತು ವರ್ಷದ ಮನುಷ್ಯ ಕಣಪ್ಪ! ಒಂದು ಕ್ರಾಸ್, ಒಂದು ತಲೆ, ಕಥೆ ಮುಗಿಯಿತು. ಇಡೀ ಸ್ಟೇಡಿಯಂನಲ್ಲಿ ಕೂಗುತ್ತಿದ್ದವರು ನಿಮ್ಮ ನೀಲಿ ಅಂಗಿಯ ಒಂದಿಷ್ಟು ಜನ ಮಾತ್ರ. ವಾಸ್ಕೊವರೆಗೆ ಸ್ಕೂಟರಿನಲ್ಲಿ ಬಂದೆವು. ಹಿಂದೆ ಕೂತವನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಮರುದಿನ ಬೆಳಗ್ಗೆ ಸ್ಟೇಷನ್ ಹತ್ತಿರದ ಚಹಾದ ಗಾಡಿಯಲ್ಲಿ ಜಗಳ ಶುರು. ನೀನು ಬಂದಾಗ ಅಲ್ಲಿ ಭಾಜಿ-ಪಾವ್ ತಿಂದಿದ್ದೆ, ನೆನಪಿದೆಯಾ? ಬೆಳಗ್ಗೆ ಏಳರಿಂದ ಎಂಟರವರೆಗೆ ಅಲ್ಲಿ ಕೊಂಕಣಿಗಿಂತ ಕನ್ನಡವೇ ಜಾಸ್ತಿ. ವಿಜಯಪುರದವರು, ಬಾಗಲಕೋಟೆಯವರು, ಗದಗಿನವರು, ನಡುವೆ ಬೆಳಗಾವಿಯವನು ನಾನೊಬ್ಬ. ಫುಟ್‌ಬಾಲ್ ವಿಷಯ ಬಂದರೆ ಅಲ್ಲಿ ಎರಡೇ ಪಕ್ಷ. ಒಂದು 'ಕೊಡೋ' ಪಕ್ಷ, ಇನ್ನೊಂದು 'ಹೊಡಿ' ಪಕ್ಷ. ಕೊಡೋ ಅಂದರೆ ಪಕ್ಕದವನಿಗೆ ಕೊಡು, ತಡಿ, ದಾರಿ ಹುಡುಕು. ಹೊಡಿ ಅಂದರೆ ಹೊಡಿ, ಅದಕ್ಕೆ ಬೇರೆ ಅರ್ಥ ಇಲ್ಲ. ಸ್ಟೇಡಿಯಂನಲ್ಲಿ ಗೋವಾದವರೂ ಇದನ್ನೇ ಕೂಗುತ್ತಾರೆ. ಅರ್ಧ ಜನ "ದಿ ರೇ", ಉಳಿದರ್ಧ "ಮಾರ್ ರೇ".

ಹೊಡಿ ಪಕ್ಷಕ್ಕೆ ನಮ್ಮ ಗೌಂಡಿ ಕಾಕಾನೇ ಮುಖಂಡ. "ಹಿಂದಕ್ಕ ಯಾಕ ಕೊಡಬೇಕು? ಗೋಲ್ ಮುಂದ ಐತಿ!" ಅನ್ನೋದೇ ಅವರ ವಾದ. ಮಜಾ ಏನು ಗೊತ್ತಾ? ಇದೇ ಕಾಕಾ ಸ್ಲ್ಯಾಬ್ ಹಾಕಿದ ಮೇಲೆ ಹದಿನಾಲ್ಕು ದಿನ ನೀರು ಹಿಡಿಯದೆ ಸೆಂಟ್ರಿಂಗ್ ಬಿಚ್ಚೋಕೆ ಬಿಡೋದಿಲ್ಲ. ಮನೆ ಮಾಲೀಕ ಅವಸರ ಮಾಡಿದರೆ ಬೈಯುತ್ತಾರೆ. ಬಾಲಿನ ವಿಷಯಕ್ಕೆ ಬಂದರೆ ಮಾತ್ರ ಹದಿನಾಲ್ಕು ಸೆಕೆಂಡೂ ತಾಳ್ಮೆ ಇಲ್ಲ.

ನೀನೂ ಅದೇ ಪಕ್ಷದವನು, ಈಗಿನಿಂದ ಅಲ್ಲ. 2017ರ ನವೆಂಬರ್ 30ಕ್ಕೆ ನೀನು ಇಲ್ಲಿಗೆ ಪಂದ್ಯ ನೋಡೋಕೆ ಬಂದಿದ್ದೆಯಲ್ಲ, ಗೋವಾ 4, ಬೆಂಗಳೂರು 3. ಸರ್ಜಿಯೊ ಲೊಬೆರಾ ನಮ್ಮ ಕೋಚ್ ಆಗಿ ಬಂದ ಮೊದಲ ವರ್ಷ. ಪಂದ್ಯ ಶುರುವಾಗಿ ಹತ್ತು ನಿಮಿಷಕ್ಕೇ ನೀನು ಕೇಳಿದ್ದೆ, "ಇವರ್ಯಾಕೆ ಗೋಲ್‌ಕೀಪರ್ ಜೊತೆ ಆಟ ಆಡ್ತಿದ್ದಾರೆ?" ಅಂತ. ಆಗ ನನಗೂ ಸರಿಯಾಗಿ ಹೇಳೋಕೆ ಬರಲಿಲ್ಲ. ಈಗ ಹೇಳುತ್ತೇನೆ, ಕೇಳು.

ಕಬಡ್ಡಿಯಲ್ಲಿ ರೇಡಿಗೆ ಹೋದವನನ್ನು ನೋಡು. ಒಳಗೆ ಹೋಗುತ್ತಾನೆ, ಹಿಂದೆ ಬರುತ್ತಾನೆ, ಎಡಕ್ಕೆ ವಾಲುತ್ತಾನೆ, ಸುಮ್ನೆ ಕಾಲು ಚಾಚುತ್ತಾನೆ. ನೋಡುವವರಿಗೆ ಏನೂ ನಡೆದಂತೆ ಕಾಣೋದಿಲ್ಲ. ಆದರೆ ಅವನು ಕಾಯುತ್ತಿರುವುದು ಮೂಲೆಯಲ್ಲಿ ನಿಂತವನು ಆಸೆಗೆ ಬಿದ್ದು ಮುಂದೆ ನುಗ್ಗಲಿ ಅಂತ. ಅವನು ನುಗ್ಗಿದರೆ ಅವನ ಜಾಗ ಖಾಲಿ. ಲೊಬೆರಾ ಟೀಮಿನ ಹಿಂದಿನ ಪಾಸೂ ಅಷ್ಟೇ. ಡಿಫೆಂಡರ್ ಬಾಲ್ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದ. ಎದುರಿನ ಸ್ಟ್ರೈಕರ್ ತಡೆಯಲಾರದೆ ಓಡಿ ಬರುತ್ತಿದ್ದ. ಅವನು ಬಿಟ್ಟು ಬಂದ ಜಾಗದಲ್ಲಿ ನಮ್ಮ ಮಿಡ್‌ಫೀಲ್ಡರ್ ಅಹ್ಮದ್ ಜಾಹೂ ಒಬ್ಬನೇ ಆರಾಮಾಗಿ ನಿಂತಿರುತ್ತಿದ್ದ. ಅವನ ಕಾಲಿಗೆ ಬಾಲ್ ಬಂತು ಅಂದರೆ ಮುಂದಿನ ಮೂರು ಸೆಕೆಂಡಿನಲ್ಲಿ ನಮ್ಮ ಸ್ಟ್ರೈಕರ್ ಕೊರೊಮಿನಾಸ್ ಗೋಲಿನ ಮುಂದೆ. ನಮ್ಮ ಕೊರೊ ಆ ಸೀಸನ್ನಿನಲ್ಲಿ 18 ಗೋಲು ಹೊಡೆದ, ಮುಂದಿನ ಸೀಸನ್ನಿನಲ್ಲಿ 16. ಎರಡೂ ಸಲ ಐಎಸ್‌ಎಲ್‌ನಲ್ಲಿ ಅವನದೇ ಜಾಸ್ತಿ. ಬರೀ ಅಡ್ಡ ಪಾಸ್ ಮಾಡುವ ಟೀಮಿಗೆ ಇಷ್ಟು ಗೋಲು ಬರುತ್ತಾ ಹೇಳು.

ಹೂಂ, ಗೊತ್ತು, ಗೊತ್ತು. 2017ರ ಆ ಪಂದ್ಯದಲ್ಲೇ ನಿಮ್ಮ ಕೀಪರ್ ಗುರುಪ್ರೀತ್‌ಗೆ ಕೆಂಪು ಕಾರ್ಡ್ ಸಿಕ್ಕಿ ನೀವು ಹತ್ತು ಜನರಾದಿರಿ, 3-1 ಹಿಂದೆ ಬಿದ್ದಿರಿ, ಆಮೇಲೆ ಮೂರು ನಿಮಿಷದಲ್ಲಿ ಎರಡು ಗೋಲು ಹೊಡೆದು ಸಮ ಮಾಡಿದಿರಿ. ಅದನ್ನು ನೀನು ಎಂಟು ವರ್ಷದಿಂದ ಹೇಳುತ್ತಾ ಬಂದಿದ್ದೀಯ. ಕೊರೊ ಮೂರನೇ ಸಲ ಹೊಡೆದು ಮುಗಿಸಿದ್ದನ್ನು ಮಾತ್ರ ಒಮ್ಮೆಯೂ ಹೇಳೋದಿಲ್ಲ.

ಆದರೆ 2019ರ ಮಾರ್ಚ್ 17ರ ಬಗ್ಗೆ ನನ್ನ ಹತ್ತಿರ ಉತ್ತರವಿಲ್ಲ. ಮುಂಬೈಯ ಅಂಧೇರಿಯಲ್ಲಿ ನಿಮಗೂ ನಮಗೂ ಫೈನಲ್. ನಮ್ಮವರು ಕೊಟ್ಟರು, ಕೊಟ್ಟರು, ಕೊಡುತ್ತಲೇ ಇದ್ದರು. ತೊಂಬತ್ತು ನಿಮಿಷ 0-0. ಎಕ್ಸ್‌ಟ್ರಾ ಟೈಮಿನಲ್ಲಿ ಜಾಹೂ ಎರಡನೇ ಹಳದಿ ಕಾರ್ಡ್ ನೋಡಿ ಹೊರಗೆ ಹೋದ. 117ನೇ ನಿಮಿಷಕ್ಕೆ ಡಿಮಾಸ್ ಡೆಲ್ಗಾಡೊನ ಕಾರ್ನರ್, ರಾಹುಲ್ ಭೆಕೆಯ ತಲೆ. 2019ರಲ್ಲಿ ತಲೆ, 2025ರಲ್ಲಿ ತಲೆ! ನಿಮ್ಮವರಿಗೆ ಕಾಲೇ ಬೇಡವೇನೋ. ಆ ದಿನ ನಾನು ಗಮನಿಸಿದ್ದು ಒಂದಿದೆ. ಹೊತ್ತು ಹೋದಂತೆ ನಮ್ಮ ಪಾಸುಗಳ ಗುಣ ಬದಲಾಯಿತು. ಮೊದಲು ಎದುರಿನವರನ್ನು ಎಳೆಯೋಕೆ ಕೊಡುತ್ತಿದ್ದರು. ಆಮೇಲೆ ತಪ್ಪು ತಮ್ಮ ಮೇಲೆ ಬರದಿರಲಿ ಅಂತ ಕೊಡುತ್ತಿದ್ದರು. ದೂರದಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ನಾವು ಜಗಳ ಆಡಬೇಕಾದ್ದು ಈ ಎರಡರ ನಡುವಿನ ವ್ಯತ್ಯಾಸದ ಮೇಲೆ. ನಾವು ನೋಡಿದರೆ ಎಷ್ಟು ಪಾಸು ಅಂತ ಎಣಿಸುತ್ತಾ ಕೂತಿದ್ದೇವೆ.

2018ರ ವಿಶ್ವಕಪ್‌ನಲ್ಲಿ ಸ್ಪೇನ್ ಮಾಡಿದ್ದೂ ಇದೇ. ರಷ್ಯಾ ಎದುರು ಸಾವಿರಕ್ಕಿಂತ ಜಾಸ್ತಿ ಪಾಸು, ಸ್ಕೋರು 1-1, ಪೆನಾಲ್ಟಿಯಲ್ಲಿ ಸೋಲು. ರಷ್ಯಾದವರು ತಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತಿದ್ದರು. ಯಾರೂ ಆಸೆಗೆ ಬಿದ್ದು ನುಗ್ಗಲೇ ಇಲ್ಲ. ನುಗ್ಗದವನ ಮುಂದೆ ಎಷ್ಟು ಕುಣಿದರೂ ರೇಡ್ ಖಾಲಿಯೇ. ಅದೇ ಸ್ಪೇನ್ 2024ರ ಯೂರೋದಲ್ಲಿ ಎರಡೂ ಅಂಚಿನಲ್ಲಿ ಯಮಾಲ್, ನಿಕೊ ವಿಲಿಯಮ್ಸ್ ಅನ್ನೋ ಇಬ್ಬರು ಹುಡುಗರನ್ನು ಬಿಟ್ಟಿತು. ಮೊದಲ ಪಂದ್ಯದಲ್ಲಿ ಬಾಲ್ ಜಾಸ್ತಿ ಹೊತ್ತು ಕ್ರೊಯೇಷಿಯಾದವರ ಹತ್ತಿರ ಇತ್ತು, 3-0 ಗೆದ್ದದ್ದು ಸ್ಪೇನ್. ಕೊನೆಗೆ ಕಪ್ಪೂ ಅವರಿಗೇ.

ಕಾಕಾ ಇತ್ತೀಚೆಗೆ ಮೊಬೈಲಿನಲ್ಲಿ ಏನೋ ನೋಡಿ ಬಂದಿದ್ದರು. "ಜಾಸ್ತಿ ಗೋಲು ಬರೋದು ಮೂರು ಪಾಸಿನ ಒಳಗೇ, ಲೆಕ್ಕ ಹಾಕಿ ತೋರಿಸ್ಯಾರ" ಅಂದರು. ಆ ಲೆಕ್ಕ ಬಹಳ ಹಳೆಯದು. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಚಾರ್ಲ್ಸ್ ರೀಪ್ ಅನ್ನುವವನು 1950ರಲ್ಲಿ ಸ್ವಿಂಡನ್ ಟೀಮಿನ ಪಂದ್ಯಕ್ಕೆ ನೋಟ್‌ಬುಕ್, ಪೆನ್ಸಿಲ್ ಹಿಡಿದು ಹೋಗಿ ಎಣಿಸೋಕೆ ಶುರು ಮಾಡಿದ. ಆಮೇಲೆ ಎಷ್ಟೋ ವರ್ಷ ಎಣಿಸಿದ. ಅವನಿಗೆ ಸಿಕ್ಕಿದ್ದು ನಿಜವೇ, ಹೆಚ್ಚಿನ ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನಲ್ಲಿ ಬರುತ್ತವೆ. ಇಂಗ್ಲೆಂಡಿನಲ್ಲಿ ಉದ್ದ ಹೊಡೆಯುವವರಿಗೆ ಅದೇ ವೇದವಾಯಿತು. ಆದರೆ ಫುಟ್‌ಬಾಲಿನಲ್ಲಿ ಬಾಲ್ ಸಿಕ್ಕ ಹೆಚ್ಚಿನ ಸಲ ಮೂರು ಪಾಸು ಆಗುವುದರೊಳಗೇ ಅದು ಕೈ ತಪ್ಪಿ ಹೋಗುತ್ತದೆ. ನಾನು ಕಾಕಾಗೆ ಹೇಳಿದೆ: "ಕಾಕಾ, ವಾಸ್ಕೊದಲ್ಲಿ ಪಂಕ್ಚರ್ ಅಂಗಡಿಗೆ ಜಾಸ್ತಿ ಬರೋದು ಸ್ಕೂಟರು. ಅದಕ್ಕೆ ಸ್ಕೂಟರ್ ಟಯರೇ ಕೆಟ್ಟದ್ದು ಅಂತೀರಾ? ಊರಲ್ಲಿ ಸ್ಕೂಟರೇ ಜಾಸ್ತಿ ಇವೆ, ಅಷ್ಟೇ." ಕಾಕಾ ಒಂದು ಗುಟುಕು ಚಹಾ ಕುಡಿದು, "ನಿನ್ನ ಸ್ಕೂಟರ್ ತಗೊಂಡು ನಡಿ" ಅಂದರು.

ಆದರೂ ದೋಸ್ತ, ಒಂದು ಮಾತಿನಲ್ಲಿ ಕಾಕಾ ಸರಿ. ನಾನು ಈಗಲೂ ಭಾನುವಾರ ಆಡುತ್ತೇನೆ. ಬೇಸಿಗೆಯಲ್ಲಿ ಕೊಯ್ಲಾದ ಗದ್ದೆ, ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗ್ ಹಿಂದಿನ ಬಯಲು. ಕಳೆದ ಜುಲೈನಲ್ಲಿ ಮೂರು ದಿನ ಬಿಡದೆ ಹೊಯ್ದ ಮಳೆ. ನಾನು ಹಿಂದೆ ನಿಂತಿದ್ದೆ, ಬಾಲ್ ಬಂತು, ಎದುರಿಗೆ ಒಬ್ಬ ಹುಡುಗ ಓಡಿ ಬಂದ. ಸ್ಟೇಡಿಯಂನಲ್ಲಿ ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡು, ತಲೆ ಎತ್ತಿ, ಮೆಲ್ಲಗೆ ಗೋಲ್‌ಕೀಪರ್‌ಗೆ ಕೊಟ್ಟೆ. ಬಾಲ್ ಅರ್ಧ ದಾರಿಯಲ್ಲಿ ನೀರಿನ ಗುಂಡಿಯಲ್ಲಿ ಕೂತುಬಿಟ್ಟಿತು. ಹುಡುಗ ನನ್ನನ್ನು ದಾಟಿ ಹೋಗಿ, ಅದನ್ನು ನೀರಿನಿಂದ ಎತ್ತಿ ಒಳಗೆ ಹಾಕಿದ. ಅಂದಿನಿಂದ ನನಗೆ ಅಲ್ಲಿ ಲೊಬೆರಾ ಅಂತಲೇ ಹೆಸರು.

ಆಗ ನಮ್ಮ ಟಿಳಕವಾಡಿಯ ಲೇಲೆ ಮೈದಾನ ನೆನಪಾಯಿತು. ಬೆಳಗಾವಿ ಮಳೆ, ಕೆಂಪು ಕೆಸರು, ನೆನೆದು ಎರಡರಷ್ಟು ತೂಕವಾದ ಬಾಲು. ಅಲ್ಲಿ ಅಡ್ಡ ಪಾಸ್ ಮಾಡಿದರೆ ಬಾಲ್ ತಲುಪುತ್ತಿರಲಿಲ್ಲ. ಅದಕ್ಕೇ ನಾವು ಎತ್ತಿ ಹೊಡೆದು ಹಿಂದೆ ಓಡುತ್ತಿದ್ದೆವು. ನೀನು ಇವತ್ತು "ನಮ್ಮದು ನೇರ ಆಟ" ಅಂತ ಎದೆ ತಟ್ಟಿಕೊಳ್ಳುತ್ತೀಯ. ಅದು ನಿನ್ನ ಸಿದ್ಧಾಂತ ಅಲ್ಲಪ್ಪ, ಬೆಳಗಾವಿಯ ಕೆಸರು. ಈಗಿನ ಹುಡುಗರು ಹುಲ್ಲಿನಂಥ ಪ್ಲಾಸ್ಟಿಕ್ ಹಾಸಿನ ಟರ್ಫ್ ಮೇಲೆ ಆಡಿ ಬೆಳೆದವರು, ಅವರಿಗೆ ಪಾಸ್ ಮಾಡೋದು ಉಸಿರಾಡಿದಷ್ಟು ಸುಲಭ. ನಿಯಮಗಳೂ ಅವರ ಕಡೆಗೇ ವಾಲಿವೆ. 1992ರಿಂದ ತನ್ನವನು ಕಾಲಿನಿಂದ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ, ಹಾಗಾಗಿ ಕೀಪರೂ ಕಾಲಾಟ ಕಲಿಯಬೇಕಾಯಿತು. 2019ರಿಂದ ಗೋಲ್ ಕಿಕ್ ಬಾಕ್ಸಿನಿಂದ ಹೊರಗೆ ಹೋಗಲೇಬೇಕು ಅಂತಿಲ್ಲ. ಹಾಗಾಗಿ ಡಿಫೆಂಡರುಗಳು ಗೋಲಿನ ಪಕ್ಕದಲ್ಲೇ ನಿಂತು ಕೊಡು-ತಗೋ ಶುರು ಮಾಡುತ್ತಾರೆ. ನಮ್ಮ ಕಾಲದ ಯಾವ ಕೋಚ್ ಆದರೂ ಅದನ್ನು ನೋಡಿದ್ದರೆ ಚಪ್ಪಲಿ ಎಸೆಯುತ್ತಿದ್ದರು.

ಕೀಪರ್ ಅಂದ ಕೂಡಲೇ ಲಕ್ಷ್ಮೀಕಾಂತ ಕಟ್ಟೀಮನಿ ನೆನಪಾದ. ಆ ಮನೆತನದ ಹೆಸರು ಕೇಳಿದರೆ ಚಹಾ ಗಾಡಿಯಲ್ಲಿ ಎಲ್ಲರೂ ಕತ್ತು ನೆಟ್ಟಗೆ ಮಾಡುತ್ತಾರೆ, ನಮ್ಮ ಕಡೆಯ ಹೆಸರಲ್ವಾ ಅಂತ. 2015ರ ಫೈನಲ್ ಫತೋರ್ಡಾದಲ್ಲೇ ಇತ್ತು. ಆಗ ಅವನು ಗೋವಾದ ಕೀಪರ್. ಗೋವಾ 2-1 ಮುಂದೆ, ಕಪ್ಪು ಕೈಗೆ ಬಂದ ಹಾಗೇ. ಕೊನೇ ಗಳಿಗೆಯಲ್ಲಿ ಬಾಲ್ ಅವನಿಗೇ ತಾಗಿ ಒಳಗೆ ಹೋಯಿತು, ಹಿಂದೆಯೇ ಚೆನ್ನೈಯಿನ್ ಇನ್ನೊಂದು ಹೊಡೆದು ಗೆದ್ದಿತು. ಆರು ವರ್ಷ ದಾಟಿದ ಮೇಲೆ, ಅದೇ ಮೈದಾನ, 2022ರ ಫೈನಲ್. ಹೈದರಾಬಾದ್ ಪರ ನಿಂತ ಅವನೇ ಪೆನಾಲ್ಟಿಗಳನ್ನು ತಡೆದು ಕಪ್ಪು ಗೆಲ್ಲಿಸಿದ. ಇದಕ್ಕೂ ನಮ್ಮ ಜಗಳಕ್ಕೂ ಸಂಬಂಧ ಇಲ್ಲ. ಬರೆಯಬೇಕು ಅನ್ನಿಸಿತು.

ಮತ್ತೆ ಲೊಬೆರಾಗೆ ಬರೋಣ. ಅವನು ಇಲ್ಲಿಂದ ಮುಂಬೈ ಸಿಟಿಗೆ ಹೋದ, ಜಾಹೂ ಕೂಡ ಹೋದ. 2021ರ ಫೈನಲ್ ಕರೋನಾ ಕಾಲದಲ್ಲಿ ಖಾಲಿ ಫತೋರ್ಡಾದಲ್ಲಿ ನಡೆಯಿತು, ನಾವೆಲ್ಲ ಮನೆಯಲ್ಲಿ ಟಿವಿ ಮುಂದೆ. ಎದುರಿಗೆ ಹಬಾಸ್ ಕೋಚ್ ಆಗಿದ್ದ ಮೋಹನ್ ಬಾಗಾನ್, ಕಾದು ಕೂತು ಚುರುಕಾಗಿ ನುಗ್ಗುವ ಟೀಮು. ಮುಂಬೈ ಒಂದು ಗೋಲು ಹಿಂದೆ. ಪಾಸಿನ ಗುರು ಅನ್ನಿಸಿಕೊಂಡ ಈ ಕೋಚಿನ ಟೀಮು ಸಮ ಮಾಡಿದ್ದು ಹೇಗೆ ಗೊತ್ತಾ? ಜಾಹೂ ತಲೆ ಎತ್ತಿ, ಡಿಫೆಂಡರುಗಳ ಹಿಂದಕ್ಕೆ ಒಂದು ಉದ್ದ ಬಾಲ್ ಎತ್ತಿ ಹೊಡೆದ. ತಡೆಯೋಕೆ ಹೋದ ತಿರಿ ತಲೆಯಿಂದ ತನ್ನ ಗೋಲಿಗೇ ಹಾಕಿಕೊಂಡ. ತೊಂಬತ್ತನೇ ನಿಮಿಷಕ್ಕೆ ಬಾಗಾನ್ ಕೀಪರ್ ಮುಂದೆ ಬಂದು ಎಡವಟ್ಟು ಮಾಡಿದ, ಮುಂಬೈಯ ಒಗ್ಬೆಚೆ ಬಾಲ್ ಕಸಿದು ಕೊಟ್ಟ, ಬಿಪಿನ್ ಸಿಂಗ್ ಒಳಗೆ ತಳ್ಳಿದ. ಇಡೀ ಸೀಸನ್ ಕೊಡುತ್ತಾ ಬಂದು, ಹೊಡೆದು ಗೆದ್ದರು.

ಇದನ್ನು ಮೊನ್ನೆ ಚಹಾ ಗಾಡಿಯಲ್ಲಿ ಹೇಳಿದೆ. 'ಕೊಡೋ' ಪಕ್ಷದ ಕದಂಬ ಬಸ್ಸಿನ ಕಂಡಕ್ಟರ್, "ನೋಡಿದ್ರಾ, ಕೊಟ್ಟೂ ಕೊಟ್ಟೂ ಎದುರಿನವರನ್ನು ಮುಂದಕ್ಕೆ ಎಳೆದಿದ್ದಕ್ಕೇ ಹಿಂದೆ ಜಾಗ ಸಿಕ್ಕಿತು" ಅಂದ. ಕಾಕಾ, "ಅದನ್ನ ಮೊದಲೇ ಹೊಡೀಬೇಕಾಗಿತ್ತು" ಅಂದರು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಚಹಾದ ದುಡ್ಡು ಕೊಟ್ಟು ಡ್ಯೂಟಿಗೆ ಹೊರಟೆ.

ಪಂಥದ ಊಟ ಬಾಕಿ ಇದೆ, ನೆನಪಿದೆ. ಸೋತವನು ನಾನು, ಮೀನಿನ ಥಾಳಿ ನನ್ನ ಲೆಕ್ಕ. ಮುಂದಿನ ಸಲ ನಿಮ್ಮವರು ಇಲ್ಲಿ ಆಡೋಕೆ ಬಂದಾಗ ಬಾ. ಊರ ಮೇಲಿಂದ ಬಂದರೆ ಕುಂದಾ ತಗೊಂಡು ಬಾ, ಕಾಕಾಗೂ ಸೇರಿಸಿ ಅರ್ಧ ಕಿಲೋ ಜಾಸ್ತಿ. ಬೂಟೂ ತಾ. ಭಾನುವಾರ ನಮಗೆ ಒಬ್ಬ ಕಡಿಮೆ ಬೀಳುತ್ತಿದ್ದಾನೆ. ನಿನ್ನನ್ನು ಮುಂದೆ ನಿಲ್ಲಿಸುತ್ತೇವೆ, ನಾನು ಹಿಂದಿನಿಂದ ಎತ್ತಿ ಹೊಡೆಯುತ್ತೇನೆ. ಓಡೋದು ನಿನ್ನ ಕೆಲಸ.

ನಿನ್ನ,
ಹಳೇ ನಂಬರ್ ನಾಲ್ಕು