ನಿನ್ನ ಪತ್ರದ ಆ ಒಂದು ಸಾಲು

ಮೂಡಿಗೆರೆ
ಜನವರಿ, ಭಾನುವಾರ

ಪ್ರೀತಿಯ ಪುಟ್ಟಿಗೆ,

ನೀನು ಫೋಟೊ ತೆಗೆದು ಕಳಿಸಿದ ಪತ್ರ ಓದಿದೆ. ಮನೆ ಸುದ್ದಿ, ತೋಟದ ಸುದ್ದಿ ಎಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕೊನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕೇ ಈ ಉತ್ತರ.

"ಈಗ ನಾನು ರೂಮಿಗೆ ವಾಪಸ್ ಹೋಗದಿದ್ದರೂ ಈ ಊರಲ್ಲಿ ಒಬ್ಬರಿಗೂ ಗೊತ್ತಾಗಲ್ಲ, ಅಲ್ವಾ ದೊಡ್ಡಮ್ಮ?"

ಬರೆದು, ಪಕ್ಕದಲ್ಲೊಂದು ನಗುವ ಮುಖ ಬಿಡಿಸಿದ್ದೀಯ. ಆ ನಗುವನ್ನು ನಾನು ನಂಬಲಿಲ್ಲ.

ಎಲ್ಲಿ ಕೂತು ಬರೆದೆ ಅನ್ನುವುದೂ ಇದೆಯಲ್ಲ. ಇಟಲಿಯ ಆ ಟ್ರಿಯೆಸ್ಟೆ ಊರಲ್ಲಿ, ಮೋಲೊ ಔದಾಚೆಯ ತುದಿ. ಮೊಬೈಲಿನಲ್ಲಿ ಅದರ ಫೋಟೊ ಹುಡುಕಿಸಿ ನೋಡಿದೆ. ಸಮುದ್ರದೊಳಕ್ಕೆ ಇನ್ನೂರು ಮೀಟರಿಗೂ ಜಾಸ್ತಿ ಚಾಚಿಕೊಂಡ ಕಲ್ಲಿನ ಕಟ್ಟೆ, ಅಂಚಿಗೆ ಕಂಬಿ ಇಲ್ಲ. ಟ್ರಿಯೆಸ್ಟೆಯ ಬೋರಾ ಗಾಳಿ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ, ಹಿಂದೆ ಜನ ಹಿಡಿದುಕೊಂಡು ನಡೆಯಲಿ ಅಂತ ರಸ್ತೆ ಬದಿಗೆ ಹಗ್ಗ ಕಟ್ಟುತ್ತಿದ್ದರು ಅಂತ ನೀನೇ ಹಿಂದೆ ಹೇಳಿದ್ದೆ. ಗಾಳಿ ಇರುವ ದಿನ ಅಲ್ಲಿಗೆ ಹೋಗಬೇಡ. ಬುದ್ಧಿ ಹೇಳುವ ಮುದುಕಿ ಅಂದುಕೋ, ಪರವಾಗಿಲ್ಲ.

ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಆ ಮಾತು ಬರೀ ಬೇಜಾರಿನಲ್ಲಿ ಬಂದದ್ದಾ? ಇಲ್ಲ, ವಾಪಸ್ ಹೋಗುವುದೇ ಬೇಡ ಅಂತ ಮನಸ್ಸಿಗೆ ಬಂತಾ? ಎರಡನೆಯದಾದರೆ ಈ ಪತ್ರ ಪೂರ್ತಿ ಓದಬೇಡ, ಈಗಲೇ ಫೋನ್ ಮಾಡು. ಅಲ್ಲಿ ರಾತ್ರಿ ಒಂಬತ್ತಾದರೆ ಇಲ್ಲಿ ಒಂದೂವರೆ. ನನಗೆ ನಿದ್ದೆ ಹೇಗೂ ಬರುವುದಿಲ್ಲ.

ಬರೀ ಬೇಜಾರಾದರೆ ಮುಂದೆ ಓದು.

ಅದೇನು ದಿನ ಪುಟ್ಟಿ! ಬೆಳಿಗ್ಗೆ ಮಿರಾಮಾರೆ ಅರಮನೆ, ಆಮೇಲೆ ಬಾರ್ಕೋಲದ ಸಮುದ್ರದಂಡೆ ಉದ್ದಕ್ಕೂ ನಡಿಗೆ, ಸಾನ್ ಜುಸ್ಟೊ ಗುಡ್ಡ ಹತ್ತಿ ಇಳಿದದ್ದು, ಮೂರು ಕಡೆ ಕಟ್ಟಡ, ಒಂದು ಕಡೆ ಸಮುದ್ರ ಇರುವ ಆ ದೊಡ್ಡ ಚೌಕ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ. ಒಂದು ವಿಷಯ ಮಾತ್ರ ಹೇಳಬೇಕು. ಆ ಅರಮನೆ ಕಟ್ಟಿಸಿದ ಮ್ಯಾಕ್ಸಿಮಿಲಿಯನ್ ಮೆಕ್ಸಿಕೋಗೆ ಚಕ್ರವರ್ತಿಯಾಗಲು ಹೋಗಿ 1867ರಲ್ಲಿ ಗುಂಡೇಟಿಗೆ ಸತ್ತ. ಅಂಥ ಮನೆ ನೋಡಿಕೊಂಡು ದಿನ ಶುರು ಮಾಡಿದರೆ ಸಂಜೆ ಹೊತ್ತಿಗೆ ಮನಸ್ಸು ಇನ್ನೇನಾಗಬೇಕು? ಅದರ ಮೇಲೆ ಚಳಿಗಾಲ, ಐದಕ್ಕೆಲ್ಲ ಕತ್ತಲು.

ಓದುತ್ತಾ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಾನು ಒಂದು ಊರನ್ನು ಒಬ್ಬಳೇ ಇಡೀ ದಿನ ಸುತ್ತಿದವಳಲ್ಲ. ಹುಟ್ಟಿ ಬೆಳೆದ ಹಾಸನವನ್ನೂ ಸುತ್ತಲಿಲ್ಲ. ಮನೆಯಿಂದ ಕಾಲೇಜು, ಕಾಲೇಜಿಂದ ಮನೆ. ಹಳೇಬೀಡು ಹತ್ತಿರದಲ್ಲೇ ಇತ್ತು, ಅದನ್ನು ನೋಡಿದ್ದು ಕಾಲೇಜಿನವರ ಜೊತೆ ಬಸ್ಸಿನಲ್ಲಿ. ಗೋಡೆಯ ಮೇಲಿನ ಆನೆಗಳ ಸಾಲನ್ನು ನಿಧಾನವಾಗಿ ನೋಡಿಕೊಂಡು ಹೋಗಬೇಕು ಅಂತ ಆಸೆಯಿತ್ತು, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿಗೆ ಸೀಟು ಸಿಗುತ್ತೆ ಅಂತ ಮೇಷ್ಟ್ರು ಹೇಳಿದ್ದರು. 1982ರ ಮೇ ತಿಂಗಳಲ್ಲಿ ಮದುವೆಯಾಯಿತು. ಯಾರ ಮೇಲೂ ಸಿಟ್ಟಿಲ್ಲ ಈಗ. ಆದರೆ ಮೈಸೂರಿನ ಬಸ್ಸು ಕಂಡರೆ ಇವತ್ತಿಗೂ ಒಂದು ಕ್ಷಣ ನಿಂತು ಬೋರ್ಡ್ ಓದುತ್ತೇನೆ.

ಅದಾಗಿ ಬಂದದ್ದು ಇಲ್ಲಿಯ ಜೂನ್. ಮಲೆನಾಡಿನ ಮಳೆ ನಿನಗೆ ಗೊತ್ತು, ಆದರೆ ನೀನು ನೋಡಿದ್ದು ರಜಕ್ಕೆ ಬಂದು, ತುಂಬಿದ ಮನೆಯಲ್ಲಿ. ನನಗೆ ಆಗ ನಿನ್ನ ವಯಸ್ಸು. ನಿನ್ನ ದೊಡ್ಡಪ್ಪ ಬೆಳಿಗ್ಗೆ ತೋಟಕ್ಕೆ ಇಳಿದರೆ ಮಧ್ಯಾಹ್ನ. ಅತ್ತೆಗೆ ಕಿವಿ ಮಂದ. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಭದ್ರಾವತಿ ಆಕಾಶವಾಣಿಯವರು ನಮಸ್ಕಾರ ಅಂದರೆ ನಾನೂ ಒಲೆ ಮುಂದೆ ಕೂತು ನಮಸ್ಕಾರ ಅನ್ನುತ್ತಿದ್ದೆ. ಗಂಟಲು ಕೆಲಸ ಮಾಡುತ್ತಾ ಅಂತ ನೋಡಿಕೊಳ್ಳುವ ಹಾಗೆ. ನೀನು ಕೇಳಿದ್ದನ್ನೇ ಆಗ ನಾನೂ ಕೇಳಿಕೊಂಡಿದ್ದೆ. ಈ ಹೊತ್ತು ನಾನು ಹಿತ್ತಲ ಬಾಗಿಲು ದಾಟಿ ಹೋದರೆ ಯಾರಿಗೆ ಯಾವಾಗ ಗೊತ್ತಾಗುತ್ತೆ? ಊಟದ ಹೊತ್ತಿಗೆ ಅಂತ ಲೆಕ್ಕ ಹಾಕಿದ್ದೆ.

ಅದಕ್ಕೇ ನಿನ್ನ ಸಾಲು ನೋಡಿ ಕೈ ನಡುಗಿತು. ಇದನ್ನು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ಏನು ಮಾಡಿ ಅದು ಹೋಯಿತು ಅಂದರೆ, ನಾನು ಏನೂ ಮಾಡಲಿಲ್ಲ. ಹತ್ತು ಗಂಟೆಗೆ ಆಳುಗಳಿಗೆ ಕಾಫಿ ಕೊಡುವುದು ನನ್ನ ಕೆಲಸ. ಒಂದು ದಿನ ಜ್ವರ, ಏಳಲಿಲ್ಲ, ಬೇರೆ ಯಾರೋ ಕೊಟ್ಟರು. ಲೈನ್‌ಮನೆಯ ಒಬ್ಬ ಅಜ್ಜಿ ತಲೆ ಮೇಲೆ ಗೊರಬು, ಕಾಲಲ್ಲಿ ಕೆಸರು, ಹಿತ್ತಲ ಮೆಟ್ಟಿಲ ಹತ್ತಿರ ಬಂದು ನಿಂತಳು. "ಅಮ್ಮ ಎಲ್ಲಿ? ಹುಷಾರಿಲ್ವಾ?" ಅಂತ ಕೇಳಿದಳು. ಜಗಲಿಯಲ್ಲಿದ್ದವರನ್ನು ಕೇಳಿದ್ದು, ನನಗೆ ಒಳಗೆ ಕೇಳಿಸಿತು. ಅವಳಿಗೂ ನನಗೂ ಅದುವರೆಗೆ ಲೋಟ ಕೊಟ್ಟು ತಗೊಂಡದ್ದು ಬಿಟ್ಟರೆ ಮಾತೇ ಇರಲಿಲ್ಲ.

ನೀನು ಆ ದಿನ ಬಾಯಿಬಿಟ್ಟು ಆಡಿದ ಮಾತು ಒಂದೇ ಅಂದೆ. ಕೌಂಟರಿನ ಹೆಂಗಸಿಗೆ "ಕಾಪೊ ಇನ್ ಬಿ" ಅಂದದ್ದು. ಗಾಜಿನ ಲೋಟದಲ್ಲಿ ನಾಲ್ಕು ಗುಟುಕು ಕಾಫಿ, ಮೇಲೆ ಒಂಚೂರು ಹಾಲು, ನಿಂತಲ್ಲೇ ಕುಡಿದು ಆಚೆ ಬಂದದ್ದು. ನಾಳೆಯೂ ಅಲ್ಲಿಗೇ ಹೋಗು. ನಾಡಿದ್ದೂ, ಅದೇ ಹೊತ್ತಿಗೆ. ಇನ್ನೂ ಒಳ್ಳೆ ಕಾಫಿ ಬೇರೆ ಕಡೆ ಸಿಕ್ಕರೂ ಅಲ್ಲಿಗೇ. 1719ರಲ್ಲಿ ಸುಂಕವಿಲ್ಲದ ಬಂದರಾದಾಗಿನಿಂದ ವ್ಯಾಪಾರದ ಊರು ಅದು, ಕಾಫಿ ಅಂಗಡಿಗೇನು ಬರ, ನೀನು ದಿನಕ್ಕೊಂದು ನೋಡೋಣ ಅಂತ ಹೊರಡುವವಳು. ಅದಕ್ಕೇ ಹೇಳುತ್ತಿದ್ದೇನೆ. ಭಾರತದ ಕಾಫಿ ಅತಿ ಹೆಚ್ಚು ಕೊಳ್ಳುವುದು ಇಟಲಿ. ಈಗ ನಮ್ಮ ಕಣದಲ್ಲಿ ಒಣಗುತ್ತಿರುವ ರೊಬಸ್ಟಾ ಚೆರ್ರಿ ಆ ಕೌಂಟರಿಗೇ ಬಂದರೂ ಬರಬಹುದು. ಮಾತಿಗೆ ಬೇರೆ ವಿಷಯ ಸಿಗದಿದ್ದರೆ ಇದನ್ನು ಹೇಳು. ನಿನ್ನ ಇಟಾಲಿಯನ್ ಅಷ್ಟಕ್ಕೆ ಸಾಲದೇನೋ. ಫೋನಿನಲ್ಲಿ ಕಣದ ಫೋಟೊ ಇದೆಯಲ್ಲ, ತೋರಿಸು.

ಇದರಿಂದ ಆ ಭಯ ಹೋಗುತ್ತೆ ಅಂತ ನಾನು ಹೇಳಲಾರೆ. ನೀನಿರುವ ಭೌತವಿಜ್ಞಾನ ಕೇಂದ್ರವನ್ನೇ ನೋಡು. ಅದನ್ನು ಕಟ್ಟಿದ ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಮ್ ಕೇಂಬ್ರಿಜ್‌ನಲ್ಲಿ ಓದಿ 1951ರಲ್ಲಿ ಲಾಹೋರಿಗೆ ವಾಪಸ್ ಬಂದರು. ಹುಟ್ಟಿದ ನಾಡು, ಕೈಯಲ್ಲಿ ಕೆಲಸ, ಆದರೆ ತಮ್ಮ ವಿಷಯ ಮಾತಾಡಲು ಜೊತೆಯಿಲ್ಲ. 1954ರಲ್ಲಿ ಮತ್ತೆ ಕೇಂಬ್ರಿಜ್‌ಗೆ ಹೊರಟರು. ನಮ್ಮಂಥ ದೇಶಗಳ ವಿಜ್ಞಾನಿಗಳು ಹಾಗೆ ಒಂಟಿಯಾಗಬಾರದು ಅಂತ 1964ರಲ್ಲಿ ಟ್ರಿಯೆಸ್ಟೆಯಲ್ಲಿ ಆ ಕೇಂದ್ರ ಶುರುಮಾಡಿದರು. ನಾನು ಬಿಎಸ್ಸಿ ಮೊದಲ ವರ್ಷದಲ್ಲಿದ್ದಾಗ, 1979ರಲ್ಲಿ, ಅವರಿಗೆ ನೊಬೆಲ್ ಬಂತು. ಮೇಷ್ಟ್ರು ಬೋರ್ಡಿನ ಮೇಲೆ ಗ್ಲಾಶೋ, ಸಲಾಮ್, ವೈನ್‌ಬರ್ಗ್ ಅಂತ ಬರೆದು ಸಲಾಮ್ ಕೆಳಗೆ ಗೆರೆ ಎಳೆದಿದ್ದರು. ಅಂಥ ಜಾಗದಲ್ಲಿದ್ದೂ ಹೀಗಂತೀಯಾ ಅಂತ ಬೈಯಲು ಇದನ್ನು ಬರೆಯುತ್ತಿಲ್ಲ. ಅಷ್ಟು ಓದಿದವರಿಗೇ ತಡೆಯಲಾಗಲಿಲ್ಲ. ನಿನಗೆ ಆದದ್ದು ನಾಚಿಕೆಯ ವಿಷಯವಲ್ಲ.

ಪಕ್ಕದ ರೂಮಿನ ಹುಡುಗಿ ಘಾನಾದವಳು ಅಂದೆಯಲ್ಲ. ಹೊರಗೆ ಹೊರಡುವಾಗ ಇಷ್ಟು ಹೊತ್ತಿಗೆ ಬರ್ತೀನಿ ಅಂತ ಅವಳಿಗೊಂದು ಮಾತು ಹೇಳಿ ಹೋಗು. ಸುಮ್ನೆ. ಅವಳಿಗೂ ಅದು ಬೇಕಾಗಿರಬಹುದು. ಸುತ್ತುವುದನ್ನು ಮಾತ್ರ ನಿಲ್ಲಿಸಬೇಡ. ಆ ಸಾಲಿಗೆ ಹೆದರಿ ರೂಮಿನಲ್ಲೇ ಕೂತುಬಿಟ್ಟರೆ ನನಗೆ ಇನ್ನೂ ಜಾಸ್ತಿ ಚಿಂತೆ.

ನಿಮ್ಮಮ್ಮನಿಗೆ ಪತ್ರ ತೋರಿಸಿಲ್ಲ. ಮೊದಲು ಕೇಳಿದ್ದಕ್ಕೆ ಉತ್ತರ ಕೊಡು, ಬೇಜಾರಾ, ಬೇರೇನಾ ಅಂತ. ನಗುವ ಮುಖ ಬಿಡಿಸಬೇಡ. ಮತ್ತೆ ಆ ಕೌಂಟರಿನ ಹೆಂಗಸಿನ ಹೆಸರು ಕೇಳಿಕೊಂಡು ಬಂದು ಬರಿ.

ನಿನ್ನ
ದೊಡ್ಡಮ್ಮ